ಮೋಟಾರು ಬ್ಯಾಟರಿಯ ಆಯುಸ್ಸು

ರಾಯಚೂರಿನ ನಮ್ಮ ಬೀದಿಯಲ್ಲಿ ಕಳೆದ ಬೇಸಗೆಯ ಒಂದು ರಾತ್ರಿ, ಇನ್ನೂ ನಾಲ್ಕು ಗಂಟೆಯಾಗುವ ಮುನ್ನವೇ, ನೆರೆಮನೆಯ ಹಿರಿಯರು ನಮ್ಮ ಬಾಗಿಲನ್ನು ತಟ್ಟಿದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳಿಗೆ ನೋವು ಕಾಣಿಸಿಕೊಂಡಿತ್ತು. ಅಂಗಳದಲ್ಲಿ ಕಾರು ಸಿದ್ಧವಾಗಿ ನಿಂತಿತ್ತು. ಆದರೆ ಕೀಲಿಯನ್ನು ಎಷ್ಟು ಸಲ ತಿರುಗಿಸಿದರೂ ‘ಟಕ್ ಟಕ್’ ಎಂಬ ಸದ್ದಲ್ಲದೆ ಅದರಿಂದ ಬೇರೆ ಉತ್ತರ ಬರಲಿಲ್ಲ. ಕಡೆಗೆ ಬೀದಿಯ ಕೊನೆಯ ಮನೆಯ ಆಟೋರಿಕ್ಷಾ ಚಾಲಕನನ್ನು ಎಬ್ಬಿಸಿ ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದಾಯಿತು. ತಾಯಿ ಮಗು ಇಬ್ಬರೂ ಕ್ಷೇಮ.

ಬೆಳಗಾದ ಮೇಲೆ ವಿಚಾರಣೆ ನಡೆಯಿತು. ಹಿಂದಿನ ಸಂಜೆ ಎಂಟು ಗಂಟೆಗೆ ಮನೆಯ ಕಿರಿಯ ಮಗ ಕಾರಿನಲ್ಲಿ ಏನನ್ನೋ ಹುಡುಕಲು ಹೋದವನು ಒಳಗಿನ ಚಾವಣಿಯ ಸಣ್ಣ ದೀಪವನ್ನು ಆರಿಸದೆ ಬಂದಿದ್ದನು. “ಕಂಪನಿಯಿಂದಲೇ ಬಂದ ಬ್ಯಾಟರಿ, ಸರ. ನಾಲ್ಕೂವರೆ ವರುಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಇವನು ಒಂದೇ ರಾತ್ರಿಯಲ್ಲಿ ಅದನ್ನು ಕೊಂದುಹಾಕಿದ” ಎಂದು ತಂದೆ ಸಿಟ್ಟಾದರು. ಪಿಯುಸಿ ಓದುತ್ತಿರುವ ಆ ಹುಡುಗ ಸಂಜೆ ನನ್ನಲ್ಲಿಗೆ ಬಂದು, “ಸರ್, ಅಷ್ಟು ಚಿಕ್ಕ ದೀಪ ಒಂದು ಬ್ಯಾಟರಿಯನ್ನು ನಿಜವಾಗಿಯೂ ಕೊಲ್ಲಬಲ್ಲುದೆ?” ಎಂದು ಕೇಳಿದನು. ಅಕ್ಕನಿಗೆ ಕೇಡಾಗಿದ್ದರೆ ಅದು ತನ್ನಿಂದಲೇ ಆಗುತ್ತಿತ್ತೆಂಬ ಅಳುಕು ಅವನ ಮುಖದಲ್ಲಿತ್ತು. ಅವನ ಪ್ರಶ್ನೆಗೆ ಉತ್ತರವನ್ನು ಅಳೆದೇ ಕಂಡುಕೊಳ್ಳೋಣವೆಂದು ನಾವಿಬ್ಬರೂ ನಿರ್ಧರಿಸಿದೆವು. ಆ ಅಳತೆಗಳೂ ಅವುಗಳ ಹಿಂದಿರುವ ಭೌತ ಮತ್ತು ರಸಾಯನ ತತ್ತ್ವಗಳೂ ಈ ಲೇಖನದ ವಿಷಯ.

ಬ್ಯಾಟರಿಗೆ ಇರುವ ಕೆಲಸ

ಪೆಟ್ರೋಲ್ ಎಂಜಿನಾಗಲಿ ಡೀಸೆಲ್ ಎಂಜಿನಾಗಲಿ ತಾನಾಗಿ ಚಲಿಸಲು ತೊಡಗಲಾರದು. ಯಾರಾದರೂ ಮೊದಲು ಅದನ್ನು ತಿರುಗಿಸಬೇಕು. ಆಮೇಲೆ ಅದು ತನ್ನ ಓಟವನ್ನು ತಾನೇ ಮುಂದುವರಿಸುತ್ತದೆ. ಹಿಂದೆ ಈ ಕೆಲಸವನ್ನು ಕೈಯಿಂದ ತಿರುಗಿಸುವ ಹಿಡಿಯೊಂದರಿಂದ ಮಾಡುತ್ತಿದ್ದರು. ಎಂಜಿನು ಹಿಮ್ಮುಖವಾಗಿ ಒದೆದರೆ ತಿರುಗಿಸುವವನ ತೋಳೇ ಮುರಿಯುವ ಭಯವಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಭಯ ಕ್ರಮೇಣ ತೊಲಗಿತು. ಅಂದಿನಿಂದ ಬ್ಯಾಟರಿಯು ಕಾರಿನ ಅವಿಭಾಜ್ಯ ಅಂಗವಾಯಿತು. ಇಂದಿನ ವಿದ್ಯುತ್ ಕಾರುಗಳಲ್ಲಿಯೂ, ಚಕ್ರಗಳನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲದೆ, ದೀಪ ಬೀಗ ಮೊದಲಾದವುಗಳಿಗಾಗಿ ೧೨ ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಸ್ಟಾರ್ಟರು ಬೇಡುವ ಪ್ರವಾಹ ಬಹು ದೊಡ್ಡದು. ಆದರೆ ಬೇಡುವ ಕಾಲ ಬಹು ಚಿಕ್ಕದು. ಚಿಕ್ಕ ಕಾರೊಂದರ ಸ್ಟಾರ್ಟರು ೨೦೦ ಆಂಪಿಯರ್ ಪ್ರವಾಹವನ್ನು ೩ ಸೆಕೆಂಡುಗಳ ಕಾಲ ಎಳೆಯುವುದೆಂದು ಇಟ್ಟುಕೊಳ್ಳೋಣ. ಆಗ ಹರಿದ ವಿದ್ಯುತ್ತು ೬೦೦ ಕೂಲಂಬ್. ಒಂದು ಆಂಪಿಯರ್-ಗಂಟೆಯೆಂದರೆ ೩೬೦೦ ಕೂಲಂಬ್. ಆದಕಾರಣ ಇದು ಒಂದು ಆಂಪಿಯರ್-ಗಂಟೆಯ ಆರನೆಯ ಒಂದು ಪಾಲು ಮಾತ್ರ. ನಮ್ಮ ನೆರೆಯವರ ಬ್ಯಾಟರಿಯ ಮೇಲೆ ೩೫ ಆಂಪಿಯರ್-ಗಂಟೆ ಎಂದು ಬರೆದಿತ್ತು. ಈ ಲೆಕ್ಕದಂತೆ ಒಂದು ಸಲ ಎಂಜಿನನ್ನು ಚಾಲೂ ಮಾಡಲು ಅದರ ಸಂಗ್ರಹದ ಇನ್ನೂರರಲ್ಲಿ ಒಂದು ಪಾಲೂ ವೆಚ್ಚವಾಗುವುದಿಲ್ಲ. ಇಷ್ಟಾದರೂ ಆ ಮೂರು ಸೆಕೆಂಡುಗಳಲ್ಲಿ ಬ್ಯಾಟರಿ ಕೊಡಬೇಕಾದ ಸಾಮರ್ಥ್ಯ ಎರಡು ಸಾವಿರ ವಾಟ್, ಅಂದರೆ ಎರಡೂವರೆ ಅಶ್ವಶಕ್ತಿಗಿಂತ ಹೆಚ್ಚು. ಕಾರಿನ ಬ್ಯಾಟರಿಯು ದೂರ ಓಡುವ ಓಟಗಾರನಲ್ಲ, ಭಾರ ಎತ್ತುವ ಜಟ್ಟಿ ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಸೀಸ ಮತ್ತು ಆಮ್ಲ

ಈ ಬಗೆಯ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, ೧೮೫೯ರಲ್ಲಿ. ಎರಡು ಸೀಸದ ಹಾಳೆಗಳನ್ನು ಒಂದನ್ನೊಂದು ತಾಕದಂತೆ ಸುರುಳಿ ಸುತ್ತಿ ಸಾರಗುಂದಿಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ಅವುಗಳ ಮೂಲಕ ಪ್ರವಾಹವನ್ನು ಹಾಯಿಸಿದರೆ, ಆಮೇಲೆ ಅವು ಆ ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತವೆಂದು ಅವನು ತೋರಿಸಿದನು. ೧೮೮೧ರಲ್ಲಿ ಕಮೀಲ್ ಫೋರ್ ಎಂಬ ಇನ್ನೊಬ್ಬ ಫ್ರೆಂಚನು ಹಾಳೆಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಹಚ್ಚಿ, ಸಂಗ್ರಹ ಸಾಮರ್ಥ್ಯವನ್ನು ಬಹಳ ಹೆಚ್ಚಿಸಿದನು. ಇಂದು ಸೀಸದ ಮಿಶ್ರಲೋಹದ ಜಾಲರಿಯಲ್ಲಿ ಈ ಲೇಪವನ್ನು ತುಂಬಿ ಫಲಕಗಳನ್ನು ಮಾಡುತ್ತಾರೆ. ಜಾಲರಿಯು ಲೇಪವನ್ನು ಹಿಡಿದಿಡುತ್ತದೆ, ಪ್ರವಾಹವನ್ನೂ ಒಯ್ಯುತ್ತದೆ.

ವಿದ್ಯುತ್ತನ್ನು ತುಂಬಿದ ಕೋಶದಲ್ಲಿ ಧನ ಫಲಕದ ಮೇಲೆ ಕಂದು ಬಣ್ಣದ ಸೀಸದ ಡೈಆಕ್ಸೈಡ್ ಇರುತ್ತದೆ. ಋಣ ಫಲಕದ ಮೇಲೆ ಸ್ಪಂಜಿನಂತೆ ರಂಧ್ರಮಯವಾದ ಬೂದು ಸೀಸ. ಇವೆರಡರ ನಡುವೆ ಗಂಧಕಾಮ್ಲ. ಕೋಶವು ಪ್ರವಾಹವನ್ನು ಕೊಡುವಾಗ ನಡೆಯುವ ಕ್ರಿಯೆಯನ್ನು ಹೀಗೆ ಬರೆಯಬಹುದು:

ಸೀಸ + ಸೀಸದ ಡೈಆಕ್ಸೈಡ್ + ಗಂಧಕಾಮ್ಲ → ಸೀಸದ ಸಲ್ಫೇಟ್ + ನೀರು

ಎರಡೂ ಫಲಕಗಳ ಮೇಲೆ ಒಂದೇ ವಸ್ತು, ಎಂದರೆ ಸೀಸದ ಸಲ್ಫೇಟ್, ಉಂಟಾಗುತ್ತದೆ ಎಂಬ ವಿವರಣೆಯನ್ನು ೧೮೮೨ರಲ್ಲಿ ಗ್ಲಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಬ್ಬರು ಇಂಗ್ಲಿಷ್ ರಸಾಯನ ವಿಜ್ಞಾನಿಗಳು ಕೊಟ್ಟರು. ವಿದ್ಯುತ್ತನ್ನು ಮತ್ತೆ ತುಂಬಿದಾಗ ಬಾಣದ ದಿಕ್ಕು ತಿರುಗುತ್ತದೆ: ಸಲ್ಫೇಟು ಕರಗಿ ಒಂದು ಕಡೆ ಸೀಸವೂ ಇನ್ನೊಂದು ಕಡೆ ಡೈಆಕ್ಸೈಡೂ ಮರಳಿ ಬರುತ್ತವೆ, ನೀರು ಕಡಮೆಯಾಗಿ ಆಮ್ಲ ಹೆಚ್ಚುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೇರೆ ಹಲವು ವಿದ್ಯುತ್ಕೋಶಗಳಲ್ಲಿ ದ್ರವವು ಅಯಾನುಗಳಿಗೆ ದಾರಿ ಮಾತ್ರ. ಇಲ್ಲಿ ದ್ರವವೇ ಕ್ರಿಯೆಯಲ್ಲಿ ಭಾಗಿ. ಆದುದರಿಂದ ದ್ರವದ ಸಾಂದ್ರತೆಯನ್ನು ಅಳೆದರೆ ಕೋಶದಲ್ಲಿ ಎಷ್ಟು ವಿದ್ಯುತ್ತು ಉಳಿದಿದೆಯೆಂಬುದು ತಿಳಿದುಬರುತ್ತದೆ. ಪೂರ್ಣವಾಗಿ ತುಂಬಿದ ಕೋಶದಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು ೧.೨೬ರಿಂದ ೧.೨೮, ಅರ್ಧ ಬರಿದಾದಾಗ ಸುಮಾರು ೧.೨೦, ಪೂರ್ಣವಾಗಿ ಬರಿದಾದಾಗ ಸುಮಾರು ೧.೧೨. ಉಷ್ಣ ಪ್ರದೇಶಗಳಿಗೆಂದು ತಯಾರಾದ ಬ್ಯಾಟರಿಗಳಲ್ಲಿ ಆಮ್ಲವನ್ನು ತುಸು ತೆಳ್ಳಗೆ, ಸುಮಾರು ೧.೨೪ಕ್ಕೆ, ಇಡುವುದೂ ಉಂಟು. ಒಂದು ಕೋಶದ ವಿದ್ಯುಚ್ಚಾಲಕ ಬಲ ಸುಮಾರು ೨.೧ ವೋಲ್ಟ್, ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ೧೨.೬ ವೋಲ್ಟ್. ಇದನ್ನೇ ನಾವು ವಾಡಿಕೆಯಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿ ಎನ್ನುವುದು.

ಎಷ್ಟು ವರುಷ?

ಹೊಸ ಕಾರಿನೊಡನೆ ಬರುವ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರುಷ ಬಾಳುತ್ತದೆ. ತಂಪಾದ ಸೀಮೆಯಲ್ಲಿ, ದಿನವೂ ದೂರ ಓಡುವ ಕಾರಿನಲ್ಲಿ, ಇನ್ನೂ ಒಂದೆರಡು ವರುಷ ಹೆಚ್ಚು ಬಾಳಿದರೆ ಆಶ್ಚರ್ಯವಿಲ್ಲ. ಬಿಸಿಲ ಸೀಮೆಯಲ್ಲಿ ಎರಡೇ ವರುಷಕ್ಕೆ ಸೋತರೂ ಆಶ್ಚರ್ಯವಿಲ್ಲ. ಕಂಪನಿಯಿಂದ ಬಂದ ಮೊದಲ ಬ್ಯಾಟರಿ ಬಾಳಿದಷ್ಟು ಕಾಲ ಆಮೇಲೆ ಕೊಂಡದ್ದು ಬಾಳಲಿಲ್ಲವೆಂದು ದೂರುವವರನ್ನೂ ಕಾಣುತ್ತೇವೆ. ಇದಕ್ಕೆ ಸಹಜವಾದ ಕಾರಣಗಳು ಇರಬಹುದು. ಬ್ಯಾಟರಿಯ ಗಡಿಯಾರ ಓಡತೊಡಗುವುದು ಅದಕ್ಕೆ ಆಮ್ಲವನ್ನು ತುಂಬಿದ ಗಳಿಗೆಯಿಂದ, ನಾವು ಹಣ ತೆತ್ತ ಗಳಿಗೆಯಿಂದ ಅಲ್ಲ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಬ್ಯಾಟರಿಯು ಕೊಳ್ಳುವ ವೇಳೆಗೇ ತನ್ನ ಆಯುಸ್ಸಿನ ಒಂದು ಭಾಗವನ್ನು ಕಳೆದಿರುತ್ತದೆ. ಅಲ್ಲದೆ ಎರಡನೆಯ ಬ್ಯಾಟರಿ ಬರುವ ಹೊತ್ತಿಗೆ ಕಾರಿನ ಆಲ್ಟರ್ನೇಟರೂ ತಂತಿಗಳೂ ಹಳತಾಗಿರುತ್ತವೆ. ಹಾಡಿಗೆ, ದೀಪಕ್ಕೆ, ಕಾವಲಿಗೆ ಎಂದು ಒಂದೆರಡು ಹೊಸ ಉಪಕರಣಗಳೂ ಸೇರಿಕೊಂಡಿರುತ್ತವೆ.

ಹಾಗಾದರೆ ಆಯುಸ್ಸನ್ನು ಕುಗ್ಗಿಸುವ ಕಾರಣಗಳಾವುವು? ಒಂದೊಂದಾಗಿ ನೋಡೋಣ.

ಮೊದಲನೆಯ ಶತ್ರು: ಬಿಸಿ

ಚಳಿಗಾಲದ ಬೆಳಗಿನಲ್ಲಿ ಕಾರು ಚಾಲೂ ಆಗದಿದ್ದಾಗ ನಾವು ಚಳಿಯನ್ನು ದೂರುತ್ತೇವೆ. ಆದರೆ ಬಹುಪಾಲು ಹಾನಿಯನ್ನು ಅದಕ್ಕೆ ಮೊದಲೇ ಬೇಸಗೆ ಮಾಡಿ ಮುಗಿಸಿರುತ್ತದೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಹೇಗೆ ಏರುವುದೆಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರ್‍ಹೇನಿಯಸ್ ೧೮೮೯ರಲ್ಲಿ ಸಮೀಕರಣದ ರೂಪದಲ್ಲಿ ವಿವರಿಸಿದನು. ಅದರಿಂದ ಹೊರಡುವ ಸ್ಥೂಲ ನಿಯಮವೊಂದಿದೆ: ಪ್ರತಿ ೧೦ ಡಿಗ್ರಿ ಸೆಂಟಿಗ್ರೇಡ್ ಏರಿಕೆಗೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಬ್ಯಾಟರಿಯನ್ನು ಕೆಡಿಸುವ ಕ್ರಿಯೆಗಳೂ ರಾಸಾಯನಿಕ ಕ್ರಿಯೆಗಳೇ ಆದುದರಿಂದ, ಸರಾಸರಿ ೨೫ ಡಿಗ್ರಿಯಲ್ಲಿ ಐದು ವರುಷ ಬಾಳಬಲ್ಲ ಬ್ಯಾಟರಿಯು ೩೫ ಡಿಗ್ರಿಯಲ್ಲಿ ಎರಡೂವರೆ ವರುಷ ಮಾತ್ರ ಬಾಳೀತೆಂದು ಊಹಿಸಬಹುದು.

ಕೆಡಿಸುವ ಕ್ರಿಯೆಗಳು ಮುಖ್ಯವಾಗಿ ಎರಡು. ಒಂದು, ಧನ ಫಲಕದ ಜಾಲರಿಯ ಸವೆತ. ಜಾಲರಿಯ ಸೀಸವು ಸದಾ ಆಮ್ಲದ ನಡುವೆ, ಆಮ್ಲಜನಕದೊಡನೆ ಸೇರಲು ಅನುಕೂಲವಾದ ವಿದ್ಯುತ್ ಸ್ಥಿತಿಯಲ್ಲಿರುತ್ತದೆ. ವರುಷಗಳು ಕಳೆದಂತೆ ಅದು ಮೇಲ್ಮೈಯಿಂದ ಒಳಮುಖವಾಗಿ ಡೈಆಕ್ಸೈಡಾಗಿ ಮಾರ್ಪಡುತ್ತದೆ. ಕಡ್ಡಿಗಳು ತೆಳ್ಳಗಾಗಿ ಮುರಿಯುತ್ತವೆ. ಮುರಿದ ಭಾಗದಲ್ಲಿನ ಲೇಪ ಒಳ್ಳೆಯದಾಗಿದ್ದರೂ ಪ್ರವಾಹವನ್ನು ಹೊರಗೆ ತರುವ ದಾರಿಯಿರುವುದಿಲ್ಲ. ಇನ್ನೊಂದು, ನೀರಿನ ನಷ್ಟ. ನೀರು ಆವಿಯಾಗಿ ಹೋಗುವುದಲ್ಲದೆ, ತುಂಬುವ ಕಾಲದಲ್ಲಿ ಜಲಜನಕ ಆಮ್ಲಜನಕಗಳಾಗಿ ಒಡೆದೂ ಹೋಗುತ್ತದೆ. ಮಟ್ಟ ಇಳಿದಾಗ ಫಲಕಗಳ ತುದಿಗಳು ಗಾಳಿಗೆ ತೆರೆದುಕೊಂಡು ಕೆಡುತ್ತವೆ. ಉಳಿದ ಆಮ್ಲ ಗಡುಸಾಗಿ ಸವೆತವನ್ನು ಇನ್ನೂ ಹೆಚ್ಚಿಸುತ್ತದೆ.

ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಎಲ್ಲರೂ ಬಲ್ಲ ಸಂಗತಿ. ಎಂಜಿನಿನ ಪಕ್ಕದಲ್ಲಿ, ಮುಚ್ಚಿದ ಬಾನೆಟ್ಟಿನ ಕೆಳಗೆ, ಅದು ಇನ್ನೂ ಹೆಚ್ಚು. ಮಡಿಕೇರಿಯ ಕಾರಿಗೂ ನಮ್ಮ ಊರಿನ ಕಾರಿಗೂ ಒಂದೇ ಕಾರ್ಖಾನೆಯ, ಒಂದೇ ದಿನದ ಬ್ಯಾಟರಿಗಳನ್ನು ಹಾಕಿದರೂ ಅವುಗಳ ಆಯುಸ್ಸು ಒಂದೇ ಆಗಿರಲಾರದು.

ಹಾಗಾದರೆ ಚಳಿ ನಿರಪರಾಧಿಯೆ? ಪೂರ್ತಿ ಅಲ್ಲ. ಉಷ್ಣತೆ ಇಳಿದಾಗ ಕ್ರಿಯೆ ನಿಧಾನವಾಗಿ ಬ್ಯಾಟರಿಯ ಬಲ ಕುಗ್ಗುತ್ತದೆ. ಅದೇ ವೇಳೆಗೆ ಎಂಜಿನಿನ ಎಣ್ಣೆ ಗಟ್ಟಿಯಾಗಿ ಸ್ಟಾರ್ಟರಿನ ಹೊರೆ ಹೆಚ್ಚುತ್ತದೆ. ಬೇಸಗೆಯಲ್ಲಿ ಅರ್ಧ ಸವೆದ ಬ್ಯಾಟರಿಯ ದೌರ್ಬಲ್ಯ ಆಗ ಬಯಲಿಗೆ ಬೀಳುತ್ತದೆ. ಲಡಾಖಿನಂಥ ಹಿಮಪ್ರದೇಶದಲ್ಲಿ ಬರಿದಾದ ಬ್ಯಾಟರಿಗೆ ಇನ್ನೊಂದು ಗಂಡಾಂತರವುಂಟು. ತುಂಬಿದ ಬ್ಯಾಟರಿಯ ಆಮ್ಲ ಶೂನ್ಯಕ್ಕಿಂತ ೫೦ ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು; ಬರಿದಾದದ್ದು ಬಹುಪಾಲು ನೀರೇ ಆದುದರಿಂದ ಶೂನ್ಯದ ಕೆಳಗೆ ಕೆಲವೇ ಡಿಗ್ರಿಗಳಲ್ಲಿ ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಒಡೆದೀತು.

ಎರಡನೆಯ ಶತ್ರು: ಅರೆಹೊಟ್ಟೆ

ಬ್ಯಾಟರಿಯನ್ನು ಬಳಸಿದಾಗ ಉಂಟಾಗುವ ಸೀಸದ ಸಲ್ಫೇಟು ಮೊದಲಿಗೆ ಅತಿ ಸಣ್ಣ ಹರಳುಗಳ ರೂಪದಲ್ಲಿರುತ್ತದೆ. ಸಣ್ಣ ಹರಳಿಗೆ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದುದರಿಂದ ಅದು ಸುಲಭವಾಗಿ ಕರಗಿ ಹಿಂದಿನ ರೂಪಕ್ಕೆ ಮರಳುತ್ತದೆ. ಆದರೆ ಬ್ಯಾಟರಿಯನ್ನು ಬರಿದಾದ ಅಥವಾ ಅರೆಬರಿದಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳ ಮೇಲೆ ಕೂಡುತ್ತವೆ. ಡಬ್ಬಿಯಲ್ಲಿ ಬಹುದಿನ ಉಳಿದ ಜೇನಿನಲ್ಲಿ ಸಕ್ಕರೆ ಗಟ್ಟಿಯಾಗಿ ಕೂರುವುದನ್ನು ನೀವು ಕಂಡಿರಬಹುದು. ಹೀಗೆ ಬೆಳೆದ ಗಟ್ಟಿ ಹರಳುಗಳು ಸುಲಭವಾಗಿ ಕರಗವು. ಅವು ವಿದ್ಯುದ್ವಾಹಕಗಳೂ ಅಲ್ಲ. ಫಲಕದ ರಂಧ್ರಗಳನ್ನು ಮುಚ್ಚಿ, ಅಷ್ಟು ಭಾಗವನ್ನು ನಿರುಪಯುಕ್ತ ಮಾಡುತ್ತವೆ. ಇದನ್ನು ಸಲ್ಫೇಟೀಕರಣ ಎನ್ನುತ್ತಾರೆ.

ಕಾರು ಓಡುವಾಗ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬುತ್ತಿರುವುದಲ್ಲ, ಮತ್ತೆ ಅದು ಅರೆಹೊಟ್ಟೆಯಲ್ಲಿ ಏಕಿರುತ್ತದೆ ಎಂದು ಕೇಳಬಹುದು. ಒಂದು ಸಲ ಚಾಲೂ ಮಾಡಿದಾಗ ವೆಚ್ಚವಾದ ಆರನೆಯ ಒಂದು ಆಂಪಿಯರ್-ಗಂಟೆಯನ್ನು ೫ ಆಂಪಿಯರ್ ಪ್ರವಾಹದಿಂದ ಎರಡೇ ನಿಮಿಷದಲ್ಲಿ ತುಂಬಬಹುದೆಂದು ಲೆಕ್ಕ ಹೇಳುತ್ತದೆ. ಆದರೆ ಬ್ಯಾಟರಿ ತುಂಬುತ್ತ ಬಂದಂತೆ ಅದು ಸ್ವೀಕರಿಸುವ ಪ್ರವಾಹ ಕಡಮೆಯಾಗುತ್ತದೆ. ಕೊನೆಯ ಐದನೆಯ ಒಂದು ಪಾಲನ್ನು ತುಂಬಲು ಗಂಟೆಗಳೇ ಬೇಕು. ನಮ್ಮ ನೆರೆಯವರು ಕಾರನ್ನು ದಿನವೂ ಎರಡು ಕಿಲೋಮೀಟರು ದೂರದ ಕಚೇರಿಗೆ ಮಾತ್ರ ಒಯ್ಯುತ್ತಿದ್ದರು. ಐದು ನಿಮಿಷದ ಆ ಓಟದಲ್ಲಿ ತಂಪುಯಂತ್ರ, ಬೀಸಣಿಗೆ, ದೀಪಗಳು ತಮ್ಮ ಪಾಲನ್ನು ಮೊದಲು ತೆಗೆದುಕೊಂಡ ಮೇಲೆ ಉಳಿದುದು ಬ್ಯಾಟರಿಗೆ. ಪ್ರತಿದಿನವೂ ತುಸು ಸಾಲ. ಸಾಲ ತೀರುವ ಭಾನುವಾರ ಎಂದೂ ಬರಲೇ ಇಲ್ಲ.

ನಿಂತ ಕಾರಿನಲ್ಲಿಯೂ ವೆಚ್ಚ ನಿಲ್ಲದು. ಗಡಿಯಾರ, ಬೀಗ, ಕಾವಲು ಗಂಟೆ, ಎಂಜಿನಿನ ಗಣಕ ಇವೆಲ್ಲ ಸೇರಿ ೩೦ ಮಿಲಿಆಂಪಿಯರ್ ಎಳೆಯುತ್ತವೆಂದು ತಿಳಿಯೋಣ. ದಿನಕ್ಕೆ ೦.೦೩ × ೨೪ = ೦.೭೨ ಆಂಪಿಯರ್-ಗಂಟೆ. ಅಂದರೆ ೩೫ ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಸಂಗ್ರಹ ಸುಮಾರು ೨೪ ದಿನಗಳಲ್ಲಿ ಮುಗಿಯುತ್ತದೆ. ಇದಲ್ಲದೆ, ಯಾವ ತಂತಿಯನ್ನೂ ಜೋಡಿಸದಿದ್ದರೂ ಒಳಗೇ ನಡೆಯುವ ಕ್ರಿಯೆಗಳಿಂದ ಬ್ಯಾಟರಿ ನಿಧಾನವಾಗಿ ಬರಿದಾಗುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಮನೆಯೊಳಗಿದ್ದ ಆ ವಾರಗಳ ಬಳಿಕ, ಕಾರುಗಳನ್ನು ಹೊರತೆಗೆಯಲು ಹೋದವರು ಅನೇಕರು ಈ ಗುಣಾಕಾರವನ್ನು ಅನುಭವದಿಂದಲೇ ಕಲಿತರು.

ಮೂರನೆಯ ಶತ್ರು: ಅತಿಯಾದ ಊಟ

ಕಡಮೆ ತುಂಬಿದರೆ ಸಲ್ಫೇಟು. ಹೆಚ್ಚು ತುಂಬಿದರೆ ಸವೆತ. ಆದುದರಿಂದ ಆಲ್ಟರ್ನೇಟರಿನ ವೋಲ್ಟೇಜನ್ನು ನಿಯಂತ್ರಕವೊಂದು ಸಾಮಾನ್ಯವಾಗಿ ೧೩.೮ ಮತ್ತು ೧೪.೪ ವೋಲ್ಟುಗಳ ನಡುವೆ ಇಡುತ್ತದೆ. ಅದಕ್ಕಿಂತ ಹೆಚ್ಚಾದರೆ ಫಲಕಗಳು ತುಂಬಿದ ಮೇಲೂ ಹರಿಯುವ ಪ್ರವಾಹವು ನೀರನ್ನು ಒಡೆಯುವುದರಲ್ಲಿ ವ್ಯಯವಾಗುತ್ತದೆ. ಜಾಲರಿಯೂ ಬೇಗ ಸವೆಯುತ್ತದೆ. ಬಿಸಿಯಲ್ಲಿ ಬ್ಯಾಟರಿ ಸುಲಭವಾಗಿ ಪ್ರವಾಹವನ್ನು ಸ್ವೀಕರಿಸುವುದರಿಂದ ಆಗ ವೋಲ್ಟೇಜು ತುಸು ಕಡಮೆಯಿರಬೇಕು: ಪ್ರತಿ ಡಿಗ್ರಿಗೆ ಸುಮಾರು ೦.೦೨ ವೋಲ್ಟ್. ೨೫ ಡಿಗ್ರಿಯಲ್ಲಿ ೧೪.೪ ತಕ್ಕುದಾದರೆ, ೪೫ ಡಿಗ್ರಿಯಲ್ಲಿ ೧೪.೦ ಸಾಕು. ನಿಯಂತ್ರಕ ಕೆಟ್ಟು ೧೫ ವೋಲ್ಟಿಗೆ ಏರಿದರೆ ಒಳ್ಳೆಯ ಬ್ಯಾಟರಿಯೂ ಒಂದೆರಡು ಬೇಸಗೆಯಲ್ಲಿ ಒಣಗಿಹೋದೀತು.

ನೀರು ಒಡೆದು ಬರುವ ಜಲಜನಕ ಆಮ್ಲಜನಕಗಳ ಮಿಶ್ರಣ ಒಂದು ಕಿಡಿಗೆ ಸಿಡಿಯಬಲ್ಲುದು. ತುಂಬುತ್ತಿರುವ ಬ್ಯಾಟರಿಯ ಬಳಿ ಬೆಂಕಿಕಡ್ಡಿ ಗೀರುವುದು, ಬೀಡಿ ಸೇದುವುದು ಆತ್ಮಘಾತಕ್ಕೆ ಸಮಾನ.

ನಾಲ್ಕನೆಯದು: ಉಸಿರಾಟ ಮತ್ತು ಕುಲುಕಾಟ

ಸೀಸದ ಡೈಆಕ್ಸೈಡ್ ಸಲ್ಫೇಟಾದಾಗ ಅದರ ಗಾತ್ರ ಸುಮಾರು ಎರಡರಷ್ಟಾಗುತ್ತದೆ. ಸೀಸ ಸಲ್ಫೇಟಾದಾಗ ಎರಡೂವರೆಯಷ್ಟು. ಹೀಗೆ ಪ್ರತಿ ಸಲ ಬರಿದಾಗುವಾಗ ಲೇಪ ಹಿಗ್ಗುತ್ತದೆ, ತುಂಬುವಾಗ ಕುಗ್ಗುತ್ತದೆ. ಫಲಕ ಉಸಿರಾಡುತ್ತದೆ ಎನ್ನಬಹುದು. ಸ್ವಲ್ಪ ಸ್ವಲ್ಪವೇ ಬರಿದಾದರೆ ಈ ಉಸಿರಾಟ ಹಗುರ. ಪೂರ್ತಿ ಬರಿದಾದರೆ ಲೇಪ ಸಡಿಲವಾಗಿ ಕಣಕಣವಾಗಿ ಉದುರುತ್ತದೆ. ಉದುರಿದ ಕೆಸರು ತಳದಲ್ಲಿ ಕೂಡಿ ಎರಡು ಫಲಕಗಳನ್ನು ಮುಟ್ಟಿದರೆ ಆ ಕೋಶ ಒಳಗೇ ಹ್ರಸ್ವಮಂಡಲವಾಗಿ ಸಾಯುತ್ತದೆ. ಕಾರಿನ ಬ್ಯಾಟರಿಯ ಫಲಕಗಳನ್ನು ತೆಳ್ಳಗೂ ರಂಧ್ರಮಯವಾಗಿಯೂ ಮಾಡಿರುವುದು ಕ್ಷಣಕಾಲದ ದೊಡ್ಡ ಪ್ರವಾಹಕ್ಕಾಗಿ. ಆದಕಾರಣ ಅದನ್ನು ಪದೇ ಪದೇ ಪೂರ್ಣ ಬರಿದುಮಾಡುವುದು ಅದಕ್ಕೆ ಹೇಳಿಸಿದ ಕೆಲಸವಲ್ಲ. ಮನೆಯ ದೀಪಗಳಿಗೆ ಬಳಸುವ ಇನ್ವರ್ಟರ್ ಬ್ಯಾಟರಿಗಳಿಗೆ ದಪ್ಪ ಫಲಕಗಳಿರುವುದು ಇದಕ್ಕಾಗಿಯೇ. ಬಿಗಿಪಟ್ಟಿ ಸಡಿಲವಾದ ಬ್ಯಾಟರಿ ಹಳ್ಳದಿಣ್ಣೆಯ ರಸ್ತೆಯಲ್ಲಿ ಕುಲುಕಾಡಿದರೂ ಲೇಪ ಉದುರುತ್ತದೆ.

ದೀಪ ಉರಿಯುತ್ತದೆ, ಎಂಜಿನು ತಿರುಗದು, ಏಕೆ?

ಇನ್ನು ಆ ರಾತ್ರಿಯ ಸಂಗತಿಗೆ ಬರೋಣ. ಎಂಜಿನು ತಿರುಗದಿದ್ದಾಗಲೂ ಚಾವಣಿಯ ದೀಪ ಚೆನ್ನಾಗಿಯೇ ಉರಿಯುತ್ತಿತ್ತೆಂದು ಹುಡುಗ ಹೇಳಿದನು. “ಬ್ಯಾಟರಿ ಸತ್ತಿದ್ದರೆ ದೀಪ ಹೇಗೆ ಉರಿಯಿತು, ಸರ್?” ಇದಕ್ಕೆ ಉತ್ತರ ಓಮನ ನಿಯಮದಲ್ಲಿದೆ. ಪ್ರತಿ ಬ್ಯಾಟರಿಗೂ ಒಂದು ಆಂತರಿಕ ರೋಧವುಂಟು. ಹೊಸದರಲ್ಲಿ ಅದು ೦.೦೧ ಓಮ್ ಎಂದಿಟ್ಟುಕೊಂಡರೆ, ೨೦೦ ಆಂಪಿಯರ್ ಹರಿದಾಗ ಒಳಗೆ ಕಳೆದುಹೋಗುವುದು ೨ ವೋಲ್ಟ್, ಸ್ಟಾರ್ಟರಿಗೆ ೧೦.೬ ವೋಲ್ಟ್ ಉಳಿಯುತ್ತದೆ. ಜಾಲರಿ ಸವೆದು ಸಲ್ಫೇಟು ಕವಿದು ರೋಧ ೦.೦೩ ಓಮಿಗೆ ಏರಿದರೆ, ಅದೇ ಪ್ರವಾಹಕ್ಕೆ ೬ ವೋಲ್ಟ್ ಒಳಗೇ ಕಳೆದುಹೋಗುತ್ತದೆ. ಉಳಿದ ಆರೇಳು ವೋಲ್ಟಿಗೆ ಸ್ಟಾರ್ಟರು ತಿರುಗದು. ಆದರೆ ೦.೪ ಆಂಪಿಯರ್ ಬೇಡುವ ದೀಪಕ್ಕೆ ಆಗುವ ನಷ್ಟ ೦.೦೧೨ ವೋಲ್ಟ್ ಮಾತ್ರ. ಅದು ಕಣ್ಣಿಗೆ ತಿಳಿಯುವುದೂ ಇಲ್ಲ. ‘ಟಕ್ ಟಕ್’ ಸದ್ದಿನ ಗುಟ್ಟೂ ಇದೇ. ಸ್ಟಾರ್ಟರನ್ನು ಜೋಡಿಸುವ ವಿದ್ಯುತ್ಕಾಂತವು ಎಳೆದೊಡನೆ ದೊಡ್ಡ ಪ್ರವಾಹ ಹರಿಯುತ್ತದೆ, ವೋಲ್ಟೇಜು ಕುಸಿಯುತ್ತದೆ, ಕಾಂತ ತನ್ನ ಹಿಡಿತವನ್ನು ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜು ಮೇಲೇರಿ ಕಾಂತ ಮತ್ತೆ ಎಳೆಯುತ್ತದೆ.

ನಾವು ಮಾಡಿದ ಅಳತೆ

ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ, ರಾತ್ರಿಯೆಲ್ಲ ವಿಶ್ರಾಂತಿ ಕೊಟ್ಟು, ಕಾಲೇಜಿನ ಹೈಡ್ರೋಮೀಟರಿನಿಂದ ಆರು ಕೋಶಗಳನ್ನೂ ಪರೀಕ್ಷಿಸಿದೆವು. ಐದರಲ್ಲಿ ಸಾಂದ್ರತೆ ೧.೨೩ರಿಂದ ೧.೨೪ರವರೆಗೆ ಇತ್ತು. ಆರನೆಯದರಲ್ಲಿ ೧.೧೫, ಅದರ ಆಮ್ಲ ಕಂದು ಬಣ್ಣಕ್ಕೆ ತಿರುಗಿ ಕಲಕಿಹೋಗಿತ್ತು, ಮಟ್ಟವೂ ಫಲಕಗಳ ಕೆಳಗಿತ್ತು. ಕೋಶಗಳು ಸರಣಿಯಲ್ಲಿರುವುದರಿಂದ ಎಲ್ಲವುಗಳ ಮೂಲಕವೂ ಒಂದೇ ಪ್ರವಾಹ ಹರಿಯಬೇಕು. ಆದಕಾರಣ ಸರಪಳಿಯ ಬಲ ಅದರ ದುರ್ಬಲ ಕೊಂಡಿಯ ಬಲವಷ್ಟೆ.

ಆಮೇಲೆ ಸಾಮರ್ಥ್ಯವನ್ನು ಅಳೆದೆವು. ೩೫ ಆಂಪಿಯರ್-ಗಂಟೆ ಎಂದರೆ ೧.೭೫ ಆಂಪಿಯರ್ ಪ್ರವಾಹವನ್ನು ೨೦ ಗಂಟೆಗಳ ಕಾಲ, ವೋಲ್ಟೇಜು ೧೦.೫ಕ್ಕೆ ಇಳಿಯುವವರೆಗೆ, ಕೊಡಬಲ್ಲುದೆಂದು ಅರ್ಥ. ಕಾರಿನ ತಿರುವುಸೂಚಕದ ೨೧ ವಾಟ್ ಬಲ್ಬು ೧೨ ವೋಲ್ಟಿನಲ್ಲಿ ಎಳೆಯುವುದೂ ಸರಿಯಾಗಿ ೧.೭೫ ಆಂಪಿಯರ್. ಅಂಥ ಬಲ್ಬೊಂದನ್ನು ಜೋಡಿಸಿ, ಹುಡುಗನು ಅರ್ಧ ಗಂಟೆಗೊಮ್ಮೆ ವೋಲ್ಟೇಜನ್ನು ಬರೆಯುತ್ತ ಕುಳಿತನು. ಇಪ್ಪತ್ತು ಗಂಟೆ ಉರಿಯಬೇಕಾದ ದೀಪ ಆರೇ ಗಂಟೆಗಳಲ್ಲಿ ಬ್ಯಾಟರಿಯನ್ನು ೧೦.೫ ವೋಲ್ಟಿಗೆ ಇಳಿಸಿತು. ಅಂದರೆ ಉಳಿದಿದ್ದ ಸಾಮರ್ಥ್ಯ ಸುಮಾರು ೧೦.೫ ಆಂಪಿಯರ್-ಗಂಟೆ, ಹೊಸತಿನ ನೂರರಲ್ಲಿ ಮೂವತ್ತು ಪಾಲು.

ಈಗ ಹುಡುಗನ ದೀಪದ ಲೆಕ್ಕ. ಚಾವಣಿಯ ದೀಪ ೫ ವಾಟ್. ಪ್ರವಾಹ ಸುಮಾರು ೦.೪೨ ಆಂಪಿಯರ್, ರಾತ್ರಿ ಎಂಟರಿಂದ ನಾಲ್ಕರವರೆಗೆ ೮ ಗಂಟೆ. ವೆಚ್ಚ ೩.೩ ಆಂಪಿಯರ್-ಗಂಟೆ. ಆರೋಗ್ಯವಾದ ೩೫ ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಹತ್ತನೆಯ ಒಂದು ಪಾಲೂ ಅಲ್ಲ; ಬೆಳಗ್ಗೆ ಅದು ಏನೂ ಆಗದಂತೆ ಎಂಜಿನನ್ನು ತಿರುಗಿಸುತ್ತಿತ್ತು. ಆದರೆ ಮೂವತ್ತು ಪಾಲಿಗೆ ಇಳಿದು, ಅದರಲ್ಲಿಯೂ ಅರೆತುಂಬಿದ್ದ ಈ ಬ್ಯಾಟರಿಗೆ ಅದು ಇದ್ದ ಸಂಗ್ರಹದ ಅರ್ಧಕ್ಕಿಂತ ಹೆಚ್ಚು. ನಾಲ್ಕು ಬೇಸಗೆಗಳ ಬಿಸಿಲು, ದಿನವೂ ಎರಡು ಕಿಲೋಮೀಟರಿನ ಓಟ, ಯಾರೂ ನೋಡದ ನೀರಿನ ಮಟ್ಟ ಇವು ಮಾಡಿದ ಕೆಲಸವನ್ನು ದೀಪವು ಬಯಲಿಗೆ ತಂದಿತಷ್ಟೆ. ಅಂದು ದೀಪ ಉರಿಯದಿದ್ದರೆ ಕೆಲವು ವಾರಗಳ ಮೇಲೆ ಬೇರೊಂದು ಬೆಳಗ್ಗೆ ಇದೇ ಆಗುತ್ತಿತ್ತು. ಹುಡುಗನು ಬರೆದ ಅಂಕಿಗಳ ಹಾಳೆಯನ್ನು ತಂದೆ ಎರಡು ಸಲ ಓದಿದರು. “ಹಾಗಾದರೆ ತಪ್ಪು ನನ್ನದೇ ಅನ್ನಿರಿ” ಎಂದು ನಕ್ಕು, ಮಗನ ಬೆನ್ನಮೇಲೆ ಕೈಯಿಟ್ಟರು.

ಆಯುಸ್ಸನ್ನು ಉಳಿಸುವ ಬಗೆ

ಇಷ್ಟು ತತ್ತ್ವ ತಿಳಿದವರಿಗೆ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕಾರಣದಿಂದಲೇ ಅವು ಹೊಳೆಯುತ್ತವೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಬೇಕು. ವಾರಕ್ಕೊಮ್ಮೆಯಾದರೂ ಅರ್ಧ ಮುಕ್ಕಾಲು ಗಂಟೆ ಓಡಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಯ ತಂತಿಯನ್ನು ಕಳಚಿಡಬೇಕು. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಲ್ಲಿ ತಿಂಗಳಿಗೊಮ್ಮೆ ಮಟ್ಟವನ್ನು ನೋಡಿ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿಯ ಅಥವಾ ನಲ್ಲಿಯ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡುಗಳು ಫಲಕಗಳಿಗೆ ವಿಷ. ಆಮ್ಲವನ್ನು ಹಾಕಬಾರದು, ಹೋದದ್ದು ನೀರು, ಆಮ್ಲವಲ್ಲ. ಕಂಬಗಳ ಮೇಲೆ ಬೆಳೆಯುವ ಬೂಷ್ಟನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಬೇಕು. ಕೊಳಕು ಸಂಪರ್ಕವೂ ಒಂದು ರೋಧವೇ ಅಲ್ಲವೆ? ಬ್ಯಾಟರಿಯನ್ನು ಕಳಚುವಾಗ ಮೊದಲು ಋಣ ತಂತಿಯನ್ನು ತೆಗೆಯಬೇಕು. ಕಾರಿನ ಒಡಲೆಲ್ಲ ಋಣ ಕಂಬಕ್ಕೆ ಜೋಡಿಸಿರುವುದರಿಂದ, ಧನ ಕಂಬದ ಮೇಲಿರುವ ಸ್ಪಾನರು ಒಡಲನ್ನು ತಾಕಿದರೆ ನೂರಾರು ಆಂಪಿಯರ್ ಒಮ್ಮೆಲೆ ಹರಿದೀತು.

ಮುಚ್ಚಿದ ಬ್ಯಾಟರಿಯಾದರೆ ಅಗ್ಗದ ವೋಲ್ಟ್‌ಮೀಟರೊಂದು ಸಾಕು. ಕಾರನ್ನು ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ೧೨.೬ ಇದ್ದರೆ ಪೂರ್ಣ, ೧೨.೪ ಇದ್ದರೆ ಮುಕ್ಕಾಲು, ೧೨.೨ ಇದ್ದರೆ ಅರ್ಧ, ೧೨.೦ ಇದ್ದರೆ ಕಾಲು ಭಾಗ. ಆದರೆ ಇದು ಈಗಿರುವ ಸಾಮರ್ಥ್ಯದಲ್ಲಿ ಎಷ್ಟು ತುಂಬಿದೆಯೆಂಬುದನ್ನು ಹೇಳುತ್ತದೆಯೇ ಹೊರತು ಸಾಮರ್ಥ್ಯವೇ ಎಷ್ಟು ಉಳಿದಿದೆಯೆಂಬುದನ್ನಲ್ಲ. ಕೊಡವನ್ನು ತುಂಬಿದರೂ ತಂಬಿಗೆಯನ್ನು ತುಂಬಿದರೂ ತುಂಬಿದ್ದೇ! ಅದಕ್ಕಾಗಿ ಎಂಜಿನನ್ನು ಚಾಲೂ ಮಾಡುವ ಗಳಿಗೆಯಲ್ಲಿ ವೋಲ್ಟೇಜು ಎಷ್ಟು ಕುಸಿಯುವುದೆಂದು ನೋಡಬೇಕು. ಅದು ೯.೫ ವೋಲ್ಟಿಗಿಂತ ಕೆಳಗಿಳಿಯತೊಡಗಿದರೆ ಬದಲಾಯಿಸುವ ಕಾಲ ಸಮೀಪಿಸಿತೆಂದು ತಿಳಿಯಬೇಕು. ಮೂರು ವರುಷ ದಾಟಿದ ಬ್ಯಾಟರಿಗೆ ವರುಷಕ್ಕೊಮ್ಮೆ ಈ ಪರೀಕ್ಷೆಯನ್ನು ಮಾಡಿಸುವುದು ಒಳಿತು.

ಸತ್ತ ಬ್ಯಾಟರಿಯ ಕಥೆ ಅಲ್ಲಿಗೆ ಮುಗಿಯದು. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಕರಗಿಸಿದರೆ ಬಹುಪಾಲು ಮತ್ತೆ ಹೊಸ ಬ್ಯಾಟರಿಯಾಗಬಲ್ಲುದು. ಆದರೆ ಸೀಸ ವಿಷ. ಅದರಲ್ಲಿಯೂ ಬೆಳೆಯುವ ಮಕ್ಕಳ ಮಿದುಳಿಗೆ ಅದು ಮಾಡುವ ಕೇಡು ದೊಡ್ಡದು; ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿತ್ತಿಲಲ್ಲಿ ಬ್ಯಾಟರಿಯನ್ನು ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕಾಯಿಸುವವರ ಕೈಗೆ ಅದನ್ನು ಕೊಡಬಾರದು. ಮಾರಿದವರು ಹಳತನ್ನು ಹಿಂದಕ್ಕೆ ಪಡೆಯಬೇಕೆಂದು ನಮ್ಮ ದೇಶದಲ್ಲಿ ೨೦೦೧ರಲ್ಲಿಯೇ ನಿಯಮಗಳಾದವು. ೨೦೨೨ರ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಇನ್ನೂ ಸ್ಪಷ್ಟವಾಗಿ ಹೊರಿಸಿವೆ.

ನಮ್ಮ ನೆರೆಯವರೂ ಹಳೆಯ ಬ್ಯಾಟರಿಯನ್ನು ಅಂಗಡಿಗೇ ಒಪ್ಪಿಸಿ ಹೊಸತನ್ನು ತಂದರು. ಅದರ ಮೇಲೆ ಹುಡುಗನು ಒಂದು ಚೀಟಿಯನ್ನು ಅಂಟಿಸಿದ್ದಾನೆ: ಹಾಕಿದ ದಿನ, ಅಂದಿನ ವೋಲ್ಟೇಜು, ಚಾಲೂ ಮಾಡುವಾಗಿನ ವೋಲ್ಟೇಜು. ಮೂರು ತಿಂಗಳಿಗೊಮ್ಮೆ ಅಳೆದು ಬರೆಯಲು ಕೆಳಗೆ ಜಾಗವನ್ನೂ ಬಿಟ್ಟಿದ್ದಾನೆ. ಓದುಗರಲ್ಲಿ ಯಾರ ಮನೆಯಲ್ಲಿ ಕಾರಿದೆಯೋ ಅವರು ಇಂಥದೇ ಚೀಟಿಯನ್ನು ಇಂದೇ ಅಂಟಿಸಿ ನೋಡಲಿ.